ಅನಾಥ ಸಿಪಾಯಿಗೆ ರಾಜಮರ್ಯಾದೆ

ನಾಟಕ ನೋಡಿ ಕಣ್ಣೊರೆಸಿಕೊಳ್ಳುವುದು ನಮ್ಮವರಿಗೆ ಹೊಸದಲ್ಲ. ಸ್ಮಶಾನದಲ್ಲಿ ಹರಿಶ್ಚಂದ್ರ ತನ್ನ ಮಗನ ಹೆಣಕ್ಕೇ ಸುಂಕ ಕೇಳುವಾಗ ಎಂಥ ಕಲ್ಲೆದೆಯವನಿಗೂ ಗಂಟಲು ಕಟ್ಟುತ್ತದೆ. ಆದರೆ ಮಂತ್ರಿ, ಕಾರ್ಯದರ್ಶಿ, ಕಡತ, ಚುನಾವಣೆ ಇವುಗಳ ಸುತ್ತ ಹೆಣೆದ ಕಥೆಯನ್ನು ನೋಡಿ ಅಳುವವರುಂಟೆ? ಉಂಟು. ಅಮೆರಿಕದಲ್ಲಿ 1999ರಿಂದ 2006ರವರೆಗೆ ‘ದಿ ವೆಸ್ಟ್ ವಿಂಗ್’ ಎಂಬ ಟೆಲಿವಿಷನ್ ನಾಟಕಮಾಲೆಯೊಂದು ಬಂತು. ಅಲ್ಲಿನ ಅಧ್ಯಕ್ಷರ ನಿವಾಸವಾದ ಶ್ವೇತಭವನದ ಪಶ್ಚಿಮ ಭಾಗದಲ್ಲಿ ಅವರ ಕಚೇರಿ ಇರುವುದರಿಂದ ಈ ಹೆಸರು. ಆರನ್ ಸಾರ್ಕಿನ್ ಎಂಬ ಬರಹಗಾರರ ಸೃಷ್ಟಿ. ಅದರ ಹತ್ತನೆಯ ಕಂತಿನ ಕೊನೆಯ ದೃಶ್ಯವನ್ನು ನಾನು ಅನೇಕ ಸಲ ನೋಡಿದ್ದೇನೆ. ಪ್ರತಿ ಸಲವೂ ಮನಸ್ಸು ಕಲಕಿದೆ. ಏಕೆ ಹೀಗಾಗುತ್ತದೆ ಎಂದು ಯೋಚಿಸುತ್ತ ಹೋದಾಗ, ನಾಟಕದಿಂದ ಆಚೆಗೆ, ಇತಿಹಾಸದ ಒಳಕ್ಕೇ ಹೋಗಬೇಕಾಯಿತು.

ಮೊದಲು ಕಥೆಯನ್ನು ಹೇಳಿಬಿಡುತ್ತೇನೆ. ಕಂತಿನ ಹೆಸರು ‘ಇನ್ ಎಕ್ಸೆಲ್ಸಿಸ್ ಡೇಯೋ’. ಇದು ಕ್ರಿಸ್‌ಮಸ್ ಸ್ತುತಿಯ ಲ್ಯಾಟಿನ್ ಮಾತು. 1999ರ ಡಿಸೆಂಬರ್ 15ರಂದು ಅದು ಮೊದಲು ಪ್ರಸಾರವಾಯಿತು. ಅಧ್ಯಕ್ಷರ ಪ್ರಚಾರ ವಿಭಾಗದ ಮುಖ್ಯಸ್ಥ ಟೋಬಿ ಸೀಗ್ಲರ್ ಎಂಬವನಿಗೆ ಒಂದು ಬೆಳಿಗ್ಗೆ ಪೊಲೀಸರಿಂದ ಕರೆ ಬರುತ್ತದೆ. ವಾಷಿಂಗ್ಟನ್ನಿನ ಕೊರಿಯಾ ಯುದ್ಧ ಸ್ಮಾರಕದ ಬಳಿ ಬೆಂಚಿನ ಮೇಲೆ ಮನೆಯಿಲ್ಲದ ಒಬ್ಬ ಮುದುಕ ಸತ್ತು ಬಿದ್ದಿದ್ದಾನೆ. ಅವನ ಕೋಟಿನ ಜೇಬಿನಲ್ಲಿ ಟೋಬಿಯ ಹೆಸರಿನ ಚೀಟಿ ಸಿಕ್ಕಿದೆ. ಕೋಟು ಟೋಬಿಯದೇ. ಬಡವರಿಗೆಂದು ದಾನಕ್ಕೆ ಕೊಟ್ಟಿದ್ದ ಹಳೆಯ ಕೋಟು. ಅಲ್ಲಿಗೆ ಮುಗಿಯಬೇಕಾಗಿದ್ದ ಸಂಗತಿ ಮುಗಿಯುವುದಿಲ್ಲ. ಸತ್ತವನ ಕೈಮೇಲೆ ಮರೀನ್ ದಳದ ಹಚ್ಚೆಯನ್ನು ಟೋಬಿ ಕಾಣುತ್ತಾನೆ. ವಿಚಾರಿಸಿದಾಗ ಅವನು ವಾಲ್ಟರ್ ಹಫ್‌ನೇಗಲ್, ಕೊರಿಯಾದಲ್ಲಿ ಕಾದಿದವನು ಎಂದು ತಿಳಿಯುತ್ತದೆ. ಅವನ ತಮ್ಮ ಜಾರ್ಜ್ ಕೂಡ ಬೀದಿಯಲ್ಲೇ ಬದುಕುತ್ತಿದ್ದಾನೆ. ಬುದ್ಧಿ ಸ್ವಲ್ಪ ಮಂದ. ಟೋಬಿ ಅಧ್ಯಕ್ಷರನ್ನು ಕೇಳದೆಯೇ ಅವರ ಹೆಸರು ಹೇಳಿ, ಆರ್ಲಿಂಗ್ಟನ್ ರಾಷ್ಟ್ರೀಯ ರುದ್ರಭೂಮಿಯಲ್ಲಿ ಸೈನಿಕ ಮರ್ಯಾದೆಯ ಶವಸಂಸ್ಕಾರ ಏರ್ಪಡಿಸುತ್ತಾನೆ.

ಕೊನೆಯ ದೃಶ್ಯದಲ್ಲಿ ಶ್ವೇತಭವನದಲ್ಲಿ ಹುಡುಗರ ತಂಡ ಕ್ರಿಸ್‌ಮಸ್ ಗೀತೆ ಹಾಡುತ್ತಿರುತ್ತದೆ. ಅದೇ ಹಾಡಿನ ಮೇಲೆ ಆರ್ಲಿಂಗ್ಟನ್ನಿನ ಬಿಳಿಯ ಕಲ್ಲುಗಳ ನಡುವೆ ಶವಪೆಟ್ಟಿಗೆ ಬರುತ್ತದೆ. ಬಂದೂಕುಗಳು ಮೂರು ಸುತ್ತು ಸಿಡಿಯುತ್ತವೆ. ಮಡಿಸಿದ ಧ್ವಜವನ್ನು ಜಾರ್ಜನ ಕೈಗೆ ಕೊಡುತ್ತಾರೆ. ನೆರೆದವರು ಬೆರಳೆಣಿಕೆಯಷ್ಟು ಜನ. ಅಷ್ಟೇ. ಟೋಬಿಯ ಪಾತ್ರ ವಹಿಸಿದ ರಿಚರ್ಡ್ ಶಿಫ್‌ಗೆ 2000ದಲ್ಲಿ ಎಮ್ಮಿ ಪ್ರಶಸ್ತಿ ಬಂತು. ಕಂತಿನ ಬರವಣಿಗೆಗಾಗಿ ಸಾರ್ಕಿನ್ ಮತ್ತು ರಿಕ್ ಕ್ಲೀವ್‌ಲೆಂಡ್ ಇಬ್ಬರಿಗೂ ಬಂತು.

ನಟನೆ ಚೆನ್ನಾಗಿದೆ, ಹಾಡು ಹೃದ್ಯವಾಗಿದೆ, ಹಬ್ಬದ ಹಿನ್ನೆಲೆಯಿದೆ, ಅದಕ್ಕೇ ಅಳು ಬರುತ್ತದೆ ಎಂದು ಹೇಳಿ ಸುಮ್ಮನಾಗಬಹುದು. ಆದರೆ ಇವೆಲ್ಲ ಇದ್ದೂ ಮನಸ್ಸನ್ನು ತಟ್ಟದ ದೃಶ್ಯಗಳು ಸಾವಿರ ಇವೆ. ಇಲ್ಲಿ ನಮ್ಮನ್ನು ತಟ್ಟುವುದು ಬೇರೊಂದು. ಜನರನ್ನು ಅರ್ಜಿ, ಸಂಖ್ಯೆ, ಕಡತಗಳ ರೂಪದಲ್ಲಿ ಮಾತ್ರ ಬಲ್ಲ ಸರ್ಕಾರವೆಂಬ ಯಂತ್ರದೊಳಗಿಂದ ಒಬ್ಬ ಮನುಷ್ಯ ಎದ್ದು ಬಂದು, ಯಾರೂ ಕೇಳದ ಹೆಣವೊಂದನ್ನು ‘ಇವನು ನಮ್ಮವನು’ ಎಂದು ಕೇಳಿ ಪಡೆಯುತ್ತಾನೆ. ಅನಾಥಪ್ರೇತಸಂಸ್ಕಾರ ಮಾಡಿದವನಿಗೆ ಯಜ್ಞದ ಫಲ ಉಂಟೆಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲವೆ? ಆ ಮಾತಿನ ಮರ್ಮ ದೇಶಭಾಷೆಗಳ ಗಡಿ ದಾಟಿದ್ದು.

ನಾಟಕಕಾರ ಬೇರೆ ಯಾವ ಯುದ್ಧವನ್ನೂ ಆರಿಸದೆ ಕೊರಿಯಾ ಯುದ್ಧವನ್ನೇ ಆರಿಸಿದ್ದಾನೆ. ಅಮೆರಿಕನ್ನರು ಅದನ್ನು ‘ಮರೆತ ಯುದ್ಧ’ ಎಂದೇ ಕರೆಯುತ್ತಾರೆ. 1950ರ ಜೂನ್ 25ರಂದು ಆರಂಭವಾಗಿ 1953ರ ಜುಲೈ 27ರ ಕದನವಿರಾಮದೊಂದಿಗೆ ನಿಂತ ಯುದ್ಧ ಅದು. ಹಿಂದಿನ ಮಹಾಯುದ್ಧದ ಜಯಘೋಷವೂ ಇದಕ್ಕಿಲ್ಲ, ಮುಂದಿನ ವಿಯೆಟ್ನಾಂ ಯುದ್ಧದ ರೋಷವೂ ಇಲ್ಲ. ವಿಯೆಟ್ನಾಂ ಯೋಧರ ಸ್ಮಾರಕ 1982ರಲ್ಲೇ ಎದ್ದಿತು. ಅದಕ್ಕಿಂತ ಮೊದಲು ಕಾದಿದ ಕೊರಿಯಾದ ಯೋಧರಿಗೆ ಸ್ಮಾರಕ ದೊರೆತದ್ದು 1995ರಲ್ಲಿ. ಮಡಿದ ಅಮೆರಿಕನ್ನರ ಸಂಖ್ಯೆಯೇ ಬಹುಕಾಲ ಸರಿಯಿರಲಿಲ್ಲ. 54 ಸಾವಿರ ಎಂದು ಕಲ್ಲಿನಲ್ಲಿ ಕೆತ್ತಿದ್ದರು. ಆ ವರ್ಷಗಳಲ್ಲಿ ಬೇರೆಡೆ ಸೇವೆಯಲ್ಲಿದ್ದು ಸತ್ತವರೂ ಅದರಲ್ಲಿ ಸೇರಿದ್ದರು. ಕೊರಿಯಾದ ರಂಗದಲ್ಲಿ ಸತ್ತವರು ಸುಮಾರು 36 ಸಾವಿರ. ಅವರ ಹೆಸರುಗಳನ್ನು ಕೆತ್ತಿದ ಗೋಡೆ ಆ ಸ್ಮಾರಕಕ್ಕೆ ಸೇರಿದ್ದು 2022ರಲ್ಲಿ, ಯುದ್ಧ ನಿಂತು ಸರಿಯಾಗಿ 69 ವರ್ಷಗಳಿಗೆ.

ಆ ಸ್ಮಾರಕದಲ್ಲಿ ಉಕ್ಕಿನ 19 ಸೈನಿಕರು ನಡೆದು ಹೋಗುತ್ತಿರುವಂತೆ ನಿಂತಿದ್ದಾರೆ. ಆಳಿಗಿಂತ ಎತ್ತರದ ಮೂರ್ತಿಗಳು. ಎಲ್ಲರ ಮೈಮೇಲೂ ಮಳೆಗಾಳಿ ತಡೆಯುವ ನಿಲುವಂಗಿ. ಉಕ್ಕಿನ ಸಿಪಾಯಿಗಳಿಗೆ ಸರ್ಕಾರ ಅಂಗಿ ತೊಡಿಸಿದೆ. ಪಕ್ಕದ ಬೆಂಚಿನಲ್ಲಿ ಡಿಸೆಂಬರಿನ ಚಳಿಯಲ್ಲಿ ಮಲಗಿದ ನಿಜವಾದ ಸಿಪಾಯಿಗೆ ಯಾರೋ ಬಿಟ್ಟುಕೊಟ್ಟ ಕೋಟು! ನಾಟಕ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ, ತೋರಿಸಿ ಸುಮ್ಮನಾಗುತ್ತದೆ.

ಸತ್ತವನ ದಳ ಯಾವುದೆಂದು ಮಾತ್ರ ಹೇಳುತ್ತದೆ: ಮರೀನ್ ದಳದ ಏಳನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್. ಆ ಯುದ್ಧದ ಚರಿತ್ರೆ ಓದಿದವರಿಗೆ ಅಷ್ಟೇ ಸಾಕು. 1950ರ ನವೆಂಬರ್ ಕೊನೆಯಲ್ಲಿ ಚೋಸಿನ್ ಸರೋವರದ ಬಳಿ ಚೀನೀ ಸೈನ್ಯ ಸುತ್ತುಗಟ್ಟಿದಾಗ, ಇದೇ ಬೆಟಾಲಿಯನ್ನಿನ ಒಂದು ತುಕಡಿ ಟೊಕ್ಟಾಂಗ್ ಕಣಿವೆಯ ದಾರಿಯನ್ನು ಐದು ದಿನ ಕಾಯ್ದುಕೊಂಡಿತ್ತು. ಅಲ್ಲಿನ ಶೀತ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿದಿತ್ತು. ಬಂದೂಕುಗಳೇ ಹೆಪ್ಪುಗಟ್ಟಿದವು. ಅಂಥ ಚಳಿಯನ್ನು ಗೆದ್ದು ಬಂದ ದಳದವನೊಬ್ಬ ತನ್ನ ರಾಜಧಾನಿಯ ನಡುವೆ ಬಯಲಿನಲ್ಲಿ ಸಾಯುತ್ತಾನೆ. ಹೆಣವನ್ನು ಒಯ್ಯಲು ಆಂಬುಲೆನ್ಸ್ ಬರಲು ಒಂದು ಗಂಟೆಯ ಮೇಲಾಯಿತು, ಪಾನ್‌ಮುಂಜೋಮಿನಲ್ಲೇ ಇವನಿಗೆ ಇದಕ್ಕಿಂತ ಒಳ್ಳೆಯ ಉಪಚಾರ ದೊರೆತಿತ್ತು ಎಂದು ಟೋಬಿ ಅಧ್ಯಕ್ಷರೆದುರು ಕಿಡಿಕಾರುತ್ತಾನೆ.

ಪಾನ್‌ಮುಂಜೋಮ್ ಎಂದೊಡನೆ ಕನ್ನಡನಾಡಿನವರಿಗೆ ಒಂದು ನೆನಪು ಬರಬೇಕು. ಕದನವಿರಾಮದ ಸಂಧಾನ ನಡೆದ ಊರು ಅದು. ಯುದ್ಧ ನಿಂತ ಮೇಲೆ ಸ್ವದೇಶಕ್ಕೆ ಮರಳಲೊಲ್ಲದ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಕೈದಿಗಳ ಇತ್ಯರ್ಥ ಮಾಡಲು ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ಏರ್ಪಟ್ಟಿತು. ಅದರ ಅಧ್ಯಕ್ಷರಾಗಿ 1953ರಲ್ಲಿ ಅಲ್ಲಿಗೆ ಹೋದವರು ನಮ್ಮ ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯನವರು. ಎರಡು ಕಡೆಯವರ ಬೈಗುಳವನ್ನೂ ಸಹಿಸಿಕೊಂಡು ಅವರು ಮಾಡಿದ ಕೆಲಸವೂ ಒಂದರ್ಥದಲ್ಲಿ ಇದೇ: ಈ ಸಿಪಾಯಿ ಯಾರವನು, ಇವನನ್ನು ನಮ್ಮವನೆಂದು ಕರೆದುಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುವುದು.

ಈಗ ಆರ್ಲಿಂಗ್ಟನ್ನಿಗೆ ಬರೋಣ. ಕೆನಡಿಯಂಥ ಅಧ್ಯಕ್ಷರೂ ಮಹಾ ಸೇನಾನಿಗಳೂ ಮಲಗಿರುವ ಈ ಪುಣ್ಯಭೂಮಿಯಲ್ಲಿ ಭಿಕಾರಿಗೆ ಜಾಗ ಕೊಟ್ಟದ್ದು ವಿಪರೀತವಾಯಿತು ಎನ್ನುವವರು ಅದರ ಹುಟ್ಟನ್ನು ನೋಡಬೇಕು. ಅದು ದಕ್ಷಿಣದ ದಂಡನಾಯಕ ರಾಬರ್ಟ್ ಲೀಯ ಹೆಂಡತಿಗೆ ತವರಿನಿಂದ ಬಂದ ಎಸ್ಟೇಟು. ಅಂತರ್ಯುದ್ಧದಲ್ಲಿ ಸರ್ಕಾರ ಅದನ್ನು ವಶಪಡಿಸಿಕೊಂಡಿತು. 1864ರ ಮೇ 13ರಂದು ಅಲ್ಲಿ ಮೊದಲು ಹೂಳಲ್ಪಟ್ಟವನು ವಿಲಿಯಂ ಕ್ರಿಸ್ಟ್‌ಮನ್ ಎಂಬ ಸಾಮಾನ್ಯ ಸಿಪಾಯಿ, ಪೆನ್ಸಿಲ್ವೇನಿಯಾದ ಬಡವ, ರಣದಲ್ಲಲ್ಲ, ಆಸ್ಪತ್ರೆಯಲ್ಲಿ ಕಾಯಿಲೆಯಿಂದ ಸತ್ತವನು. ಹಣವುಳ್ಳ ಮನೆಯವರು ಶವವನ್ನು ಊರಿಗೆ ತರಿಸಿಕೊಳ್ಳುತ್ತಿದ್ದರು. ತರಿಸಿಕೊಳ್ಳಲು ಗತಿಯಿಲ್ಲದವರ ಮಕ್ಕಳು ಅಲ್ಲಿ ಉಳಿದರು. ಕೀರ್ತಿ ಬಂದದ್ದು ಆಮೇಲೆ. ಈಗ ಅಲ್ಲಿ ಸ್ಥಳ ದೊರೆಯಲು ಕಟ್ಟುನಿಟ್ಟಾದ ನಿಯಮಗಳಿವೆ. ಟೋಬಿ ವಾಲ್ಟರನನ್ನು ಅಲ್ಲಿಗೆ ಕೊಂಡೊಯ್ದಾಗ ಆ ನೆಲ ಮತ್ತೆ ತನ್ನ ಮೊದಲನೆಯ ದಿನಕ್ಕೆ ಮರಳಿದಂತಾಯಿತು.

ಅಲ್ಲಿನ ವಿಧಿಗಳಿಗೂ ಅರ್ಥವುಂಟು. ಮೂರು ಸುತ್ತು ಗುಂಡು ಹಾರಿಸುವುದು ಯೂರೋಪಿನ ಹಳೆಯ ರಣರಂಗದಿಂದ ಬಂದ ಪದ್ಧತಿಯೆನ್ನುತ್ತಾರೆ: ನಮ್ಮ ಹೆಣಗಳನ್ನು ಎತ್ತಿ ಆಯಿತು ಎಂಬ ಸಂಕೇತ. ಕೊನೆಯಲ್ಲಿ ಊದುವ ಕಹಳೆಯ ರಾಗ 1862ರ ಅಂತರ್ಯುದ್ಧದ ಬಿಡಾರದಲ್ಲಿ ರೂಪುಗೊಂಡದ್ದು. ದೀಪ ಆರಿಸಿ ಮಲಗಿಕೊಳ್ಳಿ ಎಂಬ ಸೂಚನೆ ಅದು. ಧ್ವಜವನ್ನು ಬಂಧುವಿನ ಕೈಗಿಡುವಾಗ ಈಗ ರೂಢಿಯಲ್ಲಿರುವ ಮಾತು ‘ಅಧ್ಯಕ್ಷರ ಪರವಾಗಿ’ ಎಂದೇ ಆರಂಭವಾಗುತ್ತದೆ. ನನಗೆ ಸೋಜಿಗವೆನಿಸುವುದು ಇದು. ಟೋಬಿ ಅಧ್ಯಕ್ಷರ ಹೆಸರನ್ನು ಅಪ್ಪಣೆಯಿಲ್ಲದೆ ಬಳಸಿದ್ದು ಅಪರಾಧವಾಗಿ ಕಾಣುತ್ತದೆ. ಆದರೆ ಪ್ರತಿಯೊಬ್ಬ ಸಿಪಾಯಿಯ ಗೋರಿಯ ಬಳಿಯೂ ರಾಜ್ಯ ಆಡಬೇಕಾದ ಮಾತನ್ನೇ ಅವನು ರಾಜ್ಯದ ಬಾಯಿಂದ ಆಡಿಸಿದ್ದಾನೆ.

ಇಷ್ಟಕ್ಕೇ ಸಂತೋಷಪಟ್ಟು ಎದ್ದುಬಿಡುವಂತಿಲ್ಲ. ಸತ್ತವನಿಗೆ ಮರ್ಯಾದೆ ಮಾಡುವುದು ಬದುಕಿದ್ದವನಿಗೆ ಮಾಡುವುದಕ್ಕಿಂತ ಯಾವಾಗಲೂ ಸುಲಭ. 1932ರ ಬೇಸಿಗೆಯಲ್ಲಿ ಮೊದಲನೆಯ ಮಹಾಯುದ್ಧದ ಮಾಜಿ ಸೈನಿಕರು ಸಾವಿರಗಟ್ಟಲೆ, ಹೆಂಡಿರು ಮಕ್ಕಳೊಡನೆ, ವಾಷಿಂಗ್ಟನ್ನಿಗೆ ಬಂದು ಗುಡಿಸಲು ಹಾಕಿಕೊಂಡರು. 1945ಕ್ಕೆ ಕೊಡುವುದಾಗಿ ಸರ್ಕಾರ ಮಾತುಕೊಟ್ಟಿದ್ದ ಬೋನಸ್ಸನ್ನು ಹಸಿವಿನ ಕಾಲದಲ್ಲಿ ಈಗಲೇ ಕೊಡಿ ಎಂಬುದು ಅವರ ಬೇಡಿಕೆ. ಜುಲೈ 28ರಂದು ಪೊಲೀಸರ ಗುಂಡಿಗೆ ಇಬ್ಬರು ಬಲಿಯಾದರು. ಅದೇ ದಿನ ಮ್ಯಾಕಾರ್ಥರ್ ಕುದುರೆಪಡೆಯನ್ನೂ ಟ್ಯಾಂಕುಗಳನ್ನೂ ತಂದು ಉಳಿದವರನ್ನು ಅಟ್ಟಿದನು. 1950ರಲ್ಲಿ ಕೊರಿಯಾದ ದಂಡನಾಯಕನಾದವನೂ ಇವನೇ. ಗುಂಡಿಗೆ ಬಿದ್ದ ವಿಲಿಯಂ ಹುಷ್ಕ ಎಂಬಾತನನ್ನು ಕೆಲವೇ ದಿನಗಳಲ್ಲಿ ಆರ್ಲಿಂಗ್ಟನ್ನಿನಲ್ಲಿ ಸೈನಿಕ ಮರ್ಯಾದೆಯಿಂದ ಹೂಳಿದರು. ಬದುಕಿದ್ದಾಗ ಗಂಜಿ ಕೇಳಿದರೆ ಗುಂಡು. ಸತ್ತ ಮೇಲೆ ಸಲಾಮು!

ನಾಟಕಕ್ಕೂ ಇದರ ಅರಿವಿದೆ. ಟೋಬಿಯನ್ನು ಕರೆಸಿ ಅಧ್ಯಕ್ಷರು ಕೇಳುತ್ತಾರೆ: ಹೀಗೆ ವಶೀಲಿ ನಡೆಸತೊಡಗಿದರೆ ಬೀದಿಯಲ್ಲಿರುವ ಮಾಜಿ ಸೈನಿಕರೆಲ್ಲ ಎದ್ದು ಬರುವುದಿಲ್ಲವೆ? ಹಾಗಾಗಲೆಂದೇ ನನ್ನ ಆಸೆ ಎಂಬುದು ಟೋಬಿಯ ಉತ್ತರ. ಆಡಳಿತ ಬಲ್ಲವರು ಅಧ್ಯಕ್ಷರ ಪ್ರಶ್ನೆಯನ್ನು ತಳ್ಳಿಹಾಕಲಾರರು. ಒಬ್ಬನಿಗೆ ಮಾಡಿದ್ದನ್ನು ಎಲ್ಲರಿಗೂ ಮಾಡದಿದ್ದರೆ ಅದು ದಯೆಯಾಗಬಹುದು, ನ್ಯಾಯವಾಗದು. 1996ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮನೆಯಿಲ್ಲದ ಪ್ರತಿ 100 ಮಂದಿಯಲ್ಲಿ 23 ಮಂದಿ ಮಾಜಿ ಸೈನಿಕರಾಗಿದ್ದರು. ಎಷ್ಟು ಟೋಬಿಗಳು ಬೇಕು?

ಕಾಕತಾಳೀಯವೋ ಏನೋ, ಈ ಕಂತು ಪ್ರಸಾರವಾದ ಎರಡು ವಾರಗಳಿಗೆ, 2000ದ ಜನವರಿ 1ರಿಂದ, ಒಂದು ಕಾಯಿದೆ ಜಾರಿಗೆ ಬಂತು. ಅರ್ಹನಾದ ಪ್ರತಿಯೊಬ್ಬ ಮಾಜಿ ಸೈನಿಕನ ಅಂತ್ಯಕ್ರಿಯೆಗೂ ಸಮವಸ್ತ್ರದ ಇಬ್ಬರಾದರೂ ಬರಬೇಕು, ಧ್ವಜ ಮಡಿಸಿ ಕೊಡಬೇಕು, ಕಹಳೆಯ ರಾಗ ಕೇಳಿಸಬೇಕು. ಮಹಾಯುದ್ಧದ ಮತ್ತು ಕೊರಿಯಾದ ತಲೆಮಾರು ಆಗ ಎಷ್ಟು ವೇಗವಾಗಿ ತೀರಿಹೋಗುತ್ತಿತ್ತೆಂದರೆ ಊದುವವರು ಸಾಲದೆ, 2003ರಲ್ಲಿ ತಾನೇ ರಾಗ ನುಡಿಸುವ ಯಂತ್ರವನ್ನು ಕಹಳೆಯೊಳಗಿಟ್ಟರು. ಒಳ್ಳೆಯ ಕಾಯಿದೆಯೇ. ಆದರೆ ಒಂದು ಷರತ್ತುಂಟು: ಯಾರಾದರೂ ಕೇಳಿಕೊಳ್ಳಬೇಕು. ಕೇಳುವವರೇ ಇಲ್ಲದವನ ಗತಿ? ನಾಟಕ ಹುಟ್ಟಿದ್ದೇ ಆ ಬಿರುಕಿನಲ್ಲಿ.

ಕೇಳಲು ಬಂದವರು ಅಲ್ಲಿ ಇಬ್ಬರು. ಅಧ್ಯಕ್ಷರ ಕಾರ್ಯದರ್ಶಿ ಶ್ರೀಮತಿ ಲ್ಯಾಂಡಿಂಗ್‌ಹ್ಯಾಮ್ ಎಂಬ ವೃದ್ಧೆ, ತಾನೂ ಬರುತ್ತೇನೆಂದು ಕೋಟು ತೊಟ್ಟು ಹೊರಡುತ್ತಾಳೆ. ಅವಳ ಅವಳಿ ಮಕ್ಕಳಿಬ್ಬರೂ 1970ರ ಕ್ರಿಸ್‌ಮಸ್‌ನ ಮುನ್ನಾದಿನ ವಿಯೆಟ್ನಾಮಿನಲ್ಲಿ ಸತ್ತವರೆಂದು ನಮಗೆ ಆಗಲೇ ತಿಳಿದಿದೆ. ಪರರ ಮಗನ ಗೋರಿಯೆದುರು ಆ ತಾಯಿ ನಿಂತಾಗ ಅನಾಥನೆಂಬ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ನಾವೂ ಆ ಸಾಲಿನಲ್ಲಿ ನಿಂತುಬಿಡುತ್ತೇವೆ. ಕಣ್ಣೀರು ಬರುವುದು ಆಗ. ಅದರಲ್ಲಿ ಸಮಾಧಾನವಿದ್ದಷ್ಟೇ ನಾಚಿಕೆಯೂ ಇದೆ.

ಆ ದೇಶದ ಗಣತಿಯಂತೆ, 2010ರ ಜನವರಿಯ ಒಂದು ರಾತ್ರಿ ಮನೆಯಿಲ್ಲದೆ ಇದ್ದ ಮಾಜಿ ಸೈನಿಕರು ಸುಮಾರು 74 ಸಾವಿರ. 2024ರಲ್ಲಿ ಸುಮಾರು 33 ಸಾವಿರ. ಬಾಡಿಗೆಗೆ ನೆರವು ಕೊಟ್ಟು, ಮನೆ ಹುಡುಕಿಕೊಟ್ಟು, ಚಿಕಿತ್ಸೆ ಕೊಡಿಸಿ ಇಷ್ಟನ್ನು ಸಾಧಿಸಿದ್ದಾರೆ. ಕಹಳೆಯಿಲ್ಲ, ಗುಂಡಿನ ಸುತ್ತಿಲ್ಲ, ಯಾರೂ ಇದನ್ನು ನೋಡಿ ಅಳುವುದಿಲ್ಲ. ಆದರೂ ಆ ದೃಶ್ಯ ನಮ್ಮಿಂದ ಕೇಳುವುದು ಇದನ್ನೇ ಎಂದು ನನ್ನ ಭಾವನೆ. ಧ್ವಜವನ್ನು ಎದೆಗವಚಿಕೊಂಡು ಜಾರ್ಜ್ ಅಲ್ಲಿ ಕುಳಿತಿದ್ದಾನೆ. ಅಣ್ಣನಿಗೆ ನೆಲ ಸಿಕ್ಕಿತು. ಆ ರಾತ್ರಿ ತಮ್ಮ ಎಲ್ಲಿ ಮಲಗಿದ ಎಂಬುದನ್ನು ನಾಟಕ ಹೇಳುವುದಿಲ್ಲ.