ಲೀಬಿಗ್‌ನ ಸೀಸೆ

ಅಯೋಡಿನ್ನಿನ ಒಂದು ಅಣು, ಕ್ಲೋರಿನ್ನಿನ ಒಂದು ಅಣು ಸೇರಿದರೆ ಅಯೋಡಿನ್ ಕ್ಲೋರೈಡಿನ ಎರಡು ಅಣು. ಶಾಲೆಯಲ್ಲಿ ನೀವೂ ಇಂಥ ಸಮೀಕರಣ ಸರಿದೂಗಿಸಿರ್ತೀರಿ. ಆದರೆ ಎಣಿಸೋಕೆ ಮೊದಲು ಸೀಸೆಯಲ್ಲಿರೋದು ಏನು ಅಂತ ಗೊತ್ತಿರಬೇಕಲ್ಲ?

ಜರ್ಮನಿಯ ಲೀಬಿಗ್‌ಗೆ ಉಪ್ಪುನೀರಿನ ಬುಗ್ಗೆಯಿಂದ ಒಂದು ಕೆಂಗಂದು ದ್ರವ ಸಿಕ್ಕಿತ್ತು. ಅಯೋಡಿನ್ ಕ್ಲೋರೈಡ್ ಅಂದುಕೊಂಡು ಹಾಗೇ ಇಟ್ಟುಬಿಟ್ಟ. ಅದರ ಬಣ್ಣವೂ ಹೆಚ್ಚುಕಮ್ಮಿ ಹಾಗೇ, ನೋಡಿ. 1826ರಲ್ಲಿ ಫ್ರಾನ್ಸಿನ ಮೋಂಪೆಲಿಯೆಯ ಯುವಕ ಬಲಾರ್, ಸಮುದ್ರದ ಉಪ್ಪು ತೆಗೆದು ಉಳಿದ ನೀರಿಗೆ ಕ್ಲೋರಿನ್ ಹಾಯಿಸಿ ಅಂಥದೇ ದ್ರವ ಪಡೆದ. ಅವನಿಗೂ ಅದೇ ಅನುಮಾನ. ಆದರೆ ಎಷ್ಟು ಪರೀಕ್ಷಿಸಿದರೂ ಅದರಲ್ಲಿ ಅಯೋಡಿನ್ ಸಿಗಲಿಲ್ಲ. ಅದು ಹೊಸ ಧಾತು, ಬ್ರೋಮಿನ್! ಇವತ್ತಿನ ಲೆಕ್ಕದಲ್ಲಿ: ಒಂದು ಕ್ಲೋರಿನ್ ಅಣು, ಎರಡು ಬ್ರೋಮೈಡ್ ಅಯಾನು ಸೇರಿ ಎರಡು ಕ್ಲೋರೈಡ್ ಅಯಾನು, ಒಂದು ಬ್ರೋಮಿನ್ ಅಣು.

ಲೀಬಿಗ್ ತನ್ನ ಸೀಸೆಯನ್ನು ‘ತಪ್ಪುಗಳ ಕಪಾಟು’ ಎಂಬಲ್ಲಿ ಇಟ್ಟುಕೊಂಡಿದ್ದನಂತೆ.