ಇಂಜೀಲಿನ ಮೂಲ ಬೋಧನೆಗೆ ನಿಷ್ಠರಾಗಿ ಉಳಿದ ನಾಲ್ವರು ಗುರುಗಳು

ಹ. ಈಸಾ (ಅ)ರಿಗೆ ಅವತೀರ್ಣವಾದ ಇಂಜೀಲಿನ ಬೋಧನೆ ಕಾಲಾನಂತರ ಮಾರ್ಪಾಡಿಗೆ ಒಳಗಾಯಿತು ಎಂಬುದು ನಮ್ಮ ವಿಶ್ವಾಸ. ಮದ್ರಸದಲ್ಲಿ ಮಕ್ಕಳಿಗೆ ಈ ಪಾಠ ಹೇಳುವಾಗ ನಾವು ಹೆಚ್ಚಾಗಿ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಆದರೆ ಪವಿತ್ರ ಕುರ್‌ಆನ್ ಗ್ರಂಥದವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅವರ ಪೈಕಿ ಧರ್ಮನಿಷ್ಠರಾಗಿ ಉಳಿದವರನ್ನು ಆಲಿ ಇಮ್ರಾನ್ ಅಧ್ಯಾಯದಲ್ಲಿ (3:113) ಪ್ರತ್ಯೇಕವಾಗಿ ಪ್ರಶಂಸಿಸುತ್ತದೆ. ಅಂತಹವರ ಜೀವನ ಹೇಗಿತ್ತು ಎಂಬುದನ್ನು ಅರಿಯಲು ಹ. ಸಲ್ಮಾನ್ ಫಾರಿಸೀ (ರ)ರ ವೃತ್ತಾಂತವೊಂದೇ ಸಾಕು. ಇಬ್ನು ಅಬ್ಬಾಸ್ (ರ)ರ ಮೂಲಕ ವರದಿಯಾದ ಇದು ಇಬ್ನು ಇಸ್‌ಹಾಕ್‌ರ ಸೀರಾದಲ್ಲಿಯೂ ಇಮಾಮ್ ಅಹ್ಮದ್‌ರ ಮುಸ್ನದ್‌ನಲ್ಲಿಯೂ ದಾಖಲಾಗಿದೆ.

ಸಲ್ಮಾನ್ (ರ) ಇಸ್ಫಹಾನಿನವರು. ಅಗ್ನಿಪೂಜಕ ಮನೆತನದಲ್ಲಿ ಜನಿಸಿ, ಬೆಂಕಿ ಆರದಂತೆ ಕಾಯುವ ಕೆಲಸದಲ್ಲಿದ್ದರು. ಒಂದು ದಿನ ಕ್ರೈಸ್ತರ ಪ್ರಾರ್ಥನೆಯನ್ನು ಕಂಡು ಮನಸೋತರು. ತಂದೆ ಕಾಲಿಗೆ ಸಂಕೋಲೆ ತೊಡಿಸಿದರೂ ಅದನ್ನು ಕಳಚಿ, ವರ್ತಕರ ತಂಡವೊಂದರೊಡನೆ ಸಿರಿಯಾ ತಲುಪಿದರು.

ಅಲ್ಲಿ ಅವರು ಸೇವೆಗೆ ಸೇರಿದ ಧರ್ಮಗುರು ಜನರಿಗೆ ದಾನವನ್ನು ಬೋಧಿಸಿ, ಬಡವರಿಗೆಂದು ಬಂದ ಹಣವನ್ನೆಲ್ಲ ತಾನೇ ಬಚ್ಚಿಡುತ್ತಿದ್ದ. ಅವನ ಮರಣಾನಂತರ ಸಲ್ಮಾನರು ಆ ಜಾಗವನ್ನು ತೋರಿಸಿಕೊಟ್ಟಾಗ ಚಿನ್ನ, ಬೆಳ್ಳಿ ತುಂಬಿದ ಏಳು ಕೊಡಗಳು ದೊರೆತವು. ಅವನ ಸ್ಥಾನಕ್ಕೆ ಬಂದವರಾದರೋ ಇಹದ ಮೋಹವನ್ನು ತೊರೆದ, ಹಗಲಿರುಳೂ ಆರಾಧನೆಯಲ್ಲಿ ಮಗ್ನರಾದ ಸಜ್ಜನರು. ಇಬ್ಬರೂ ಒಂದೇ ಗ್ರಂಥದ ವಾರಸುದಾರರು, ಒಂದೇ ಪೀಠದಲ್ಲಿ ಕುಳಿತವರು. ಒಬ್ಬನ ಬದುಕು ಗ್ರಂಥವನ್ನು ಸುಳ್ಳಾಗಿಸಿತು, ಇನ್ನೊಬ್ಬರ ಬದುಕು ಅದನ್ನು ಕಾಪಾಡಿತು.

ಆ ಸಜ್ಜನರ ಅಂತ್ಯಕಾಲದಲ್ಲಿ ಸಲ್ಮಾನರು, ಮುಂದೆ ಯಾರ ಬಳಿ ಹೋಗಲಿ ಎಂದು ಕೇಳಿದರು. ಜನರು ಬಹುಪಾಲು ಬೋಧನೆಯನ್ನು ಬದಲಿಸಿ ಬಿಟ್ಟಿದ್ದಾರೆಂದೂ, ಮೂಸಿಲ್‌ನಲ್ಲಿ ಮಾತ್ರ ಒಬ್ಬರು ಅದೇ ದಾರಿಯಲ್ಲಿದ್ದಾರೆಂದೂ ಉತ್ತರ ಬಂತು. ಮೂಸಿಲ್‌ನ ಗುರುವು ತನ್ನ ಅಂತ್ಯಕಾಲದಲ್ಲಿ ನಸೀಬೀನ್‌ನ ಗುರುವನ್ನೂ, ಅವರು ರೋಮನ್ನರ ನಾಡಿನ ಅಮ್ಮೂರಿಯದ ಗುರುವನ್ನೂ ಸೂಚಿಸಿದರು. ಈ ನಾಲ್ವರ ಹೆಸರನ್ನು ವರದಿಯು ಹೇಳುವುದಿಲ್ಲ. ತನ್ನ ನಂತರ ತನ್ನದೇ ಮಠ ಬೆಳೆಯಲಿ ಎಂದು ಅವರಲ್ಲಿ ಒಬ್ಬರೂ ಬಯಸಲಿಲ್ಲ. ಸತ್ಯ ಎಲ್ಲಿ ಉಳಿದಿದೆಯೋ ಅಲ್ಲಿಗೆ ಶಿಷ್ಯನನ್ನು ಕಳುಹಿಸಿದರು.

ಅಮ್ಮೂರಿಯದ ಗುರುವಿಗೆ ಸೂಚಿಸಲು ಇನ್ನಾರೂ ಉಳಿದಿರಲಿಲ್ಲ. ಅವರು ಅರೇಬಿಯಾದಲ್ಲಿ ಪ್ರವಾದಿಯೊಬ್ಬರ ಆಗಮನದ ಕಾಲ ಸಮೀಪಿಸಿದೆಯೆಂದು ತಿಳಿಸಿ, ಅವರು ಕಪ್ಪು ಶಿಲೆಗಳ ಎರಡು ಬಯಲುಗಳ ನಡುವಿನ ಖರ್ಜೂರದ ನಾಡಿಗೆ ಬರುವರೆಂದರು. ಅವರನ್ನು ಗುರುತಿಸುವ ಲಕ್ಷಣಗಳನ್ನೂ ಹೇಳಿದರು: ಅವರು ಉಡುಗೊರೆಯನ್ನು ಉಣ್ಣುವರು, ದಾನವನ್ನು ಉಣ್ಣರು, ಅವರ ಭುಜಗಳ ನಡುವೆ ಪ್ರವಾದಿತ್ವದ ಮುದ್ರೆಯಿರುವುದು.

ಅರೇಬಿಯಾಕ್ಕೆ ಕರೆದೊಯ್ಯುವೆವೆಂದ ವರ್ತಕರು ಸಲ್ಮಾನರನ್ನು ಗುಲಾಮರಾಗಿ ಮಾರಿದರು. ಕೊನೆಗೆ ಅವರು ಮದೀನಾದ ಒಡೆಯನೊಬ್ಬನ ಕೈಸೇರಿದರು. 622ರಲ್ಲಿ ಪ್ರವಾದಿ ಮುಹಮ್ಮದ್ (ಸ) ಹಿಜ್ರಾ ಮಾಡಿ ಕುಬಾ ತಲುಪಿದ ಸುದ್ದಿ ಕೇಳಿದಾಗ ಅವರು ಖರ್ಜೂರದ ಮರದ ಮೇಲಿದ್ದರು. ಅಂದು ಸಂಜೆ ಒಂದಿಷ್ಟು ಆಹಾರವನ್ನು ಒಯ್ದು ದಾನವೆಂದು ಮುಂದಿಟ್ಟರು. ಪ್ರವಾದಿವರ್ಯರು (ಸ) ಸಂಗಡಿಗರಿಗೆ ತಿನ್ನಲು ಹೇಳಿ ತಾವು ಕೈ ಹಿಂತೆಗೆದರು. ಇನ್ನೊಮ್ಮೆ ಉಡುಗೊರೆಯೆಂದು ಕೊಟ್ಟಾಗ ತಾವೂ ಸೇವಿಸಿದರು. ಮೂರನೆಯ ಲಕ್ಷಣವನ್ನೂ ಕಂಡ ಸಲ್ಮಾನರು ಕಣ್ಣೀರಾದರು.

ಸಿರಿಯಾದಲ್ಲಿ ದಾನದ ಹಣವನ್ನು ನುಂಗಿದ ಗುರುವನ್ನು ಕಂಡಿದ್ದ ಕಣ್ಣುಗಳಿವು. ಸತ್ಯವನ್ನು ಗುರುತಿಸಲು ಅವರಿಗೆ ದೊರೆತ ಮೊದಲ ಲಕ್ಷಣವೂ ದಾನದ ಸ್ವತ್ತನ್ನು ಮುಟ್ಟದ ಕೈಯೇ ಆಗಿತ್ತು! ಮುಂದೆ ಮದಾಇನ್‌ನ ರಾಜ್ಯಪಾಲರಾದಾಗಲೂ ಅವರು ತಮ್ಮ ವೇತನವನ್ನು ದಾನ ಮಾಡಿ, ಖರ್ಜೂರದ ಗರಿ ಹೆಣೆದು ಜೀವಿಸುತ್ತಿದ್ದರೆಂದು ಚರಿತ್ರೆಕಾರರು ಬರೆದಿದ್ದಾರೆ.

ಕುರ್‌ಆನಿನ ಒಂದಕ್ಷರವೂ ಬದಲಾಗಿಲ್ಲವೆಂದು ನಾವು ಅಭಿಮಾನಪಡುತ್ತೇವೆ. ಅದರ ಸಂರಕ್ಷಣೆ ಅಲ್ಲಾಹನ ವಾಗ್ದಾನ. ಆದರೆ ನಮ್ಮ ನಡತೆಯ ಸಂರಕ್ಷಣೆಯ ಹೊಣೆ ನಮ್ಮದೇ. ಝಕಾತ್ ಮತ್ತು ಮಸೀದಿಯ ಹಣ ನಮ್ಮ ಕೈಯಲ್ಲಿರುವಾಗ ಆ ಏಳು ಕೊಡಗಳು ನೆನಪಾಗಬೇಕು. ಹೆಸರಿಲ್ಲದ ಆ ನಾಲ್ವರಂತೆ ತನಗಿಂತ ಸತ್ಯವೇ ದೊಡ್ಡದೆಂದು ಬಗೆದವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸಲಿ. ಆಮೀನ್.