ಡಿಮಿಟ್ರಿ ಅನ್ನೋ ಹೆಸರು ನಾಸಿಕ್ ಗುಹೆಗೆ ಬಂದಿದ್ದು ಹೇಗೆ?

ನೀವು ಪುಣೆಯಲ್ಲಿರಿ, ಬರ್ಲಿನ್‌ನಲ್ಲಿರಿ, ಡಿಮಿಟ್ರಿ ಅನ್ನೋ ಹೆಸರನ್ನ ಎಲ್ಲೋ ಒಂದು ಕಡೆ ಕೇಳೇ ಇರ್ತೀರಿ. ರಷ್ಯಾ, ಗ್ರೀಸ್ ಕಡೆ ತುಂಬಾ ಸಾಮಾನ್ಯವಾದ ಹೆಸರು. ಆವರ್ತ ಕೋಷ್ಟಕ ಕೊಟ್ಟ ಮೆಂಡಲೀವ್ ಕೂಡ ಡಿಮಿಟ್ರಿಯೇ. ಇವತ್ತು ಈ ಹೆಸರಿನ ಬಗ್ಗೆ ಮಾತಾಡೋಣ. ಯಾಕೆಂದರೆ ಸುಮಾರು 2000 ವರ್ಷದ ಹಿಂದೆಯೇ ಇದು ವೇಷ ಬದಲಿಸಿಕೊಂಡು ನಾಸಿಕ್‌ಗೆ ಬಂದಿದೆ.

ಮೊದಲು ಅರ್ಥ ನೋಡೋಣ. ಮೂಲ ಗ್ರೀಕ್ ರೂಪ ದೆಮೆತ್ರಿಯೋಸ್. ಅಂದರೆ ದೆಮೆತೆರ್ ದೇವಿಗೆ ಸೇರಿದವನು. ನಮ್ಮಲ್ಲಿ ಯಲ್ಲಮ್ಮನ ಹೆಸರಲ್ಲಿ ಯಲ್ಲಪ್ಪ ಇದ್ದ ಹಾಗೆ. ದೆಮೆತೆರ್ ಬೆಳೆಯ ದೇವತೆ. ಪಾತಾಳದ ದೊರೆ ಹೇಡಿಸ್ ಅವಳ ಮಗಳು ಪರ್ಸೆಫೊನಿಯನ್ನು ಹೊತ್ತುಕೊಂಡು ಹೋದಾಗ, ಆ ತಾಯಿ ಭೂಮಿಯಲ್ಲಿ ಒಂದು ಕಾಳೂ ಹುಟ್ಟದಂತೆ ಮಾಡಿದಳು. ಕೊನೆಗೆ ಮಗಳು ವರ್ಷದ ಒಂದು ಭಾಗ ಪಾತಾಳದಲ್ಲಿ, ಉಳಿದದ್ದು ತಾಯಿಯ ಹತ್ತಿರ ಅಂತ ರಾಜಿಯಾಯ್ತು. ಹೆಸರಿನಲ್ಲಿರುವ 'ಮೆತೆರ್' ಅಂದರೆ ತಾಯಿ. ಸಂಸ್ಕೃತದ 'ಮಾತೃ' ಕೂಡ ಇದೇ ಬೇರಿನದು. ಮುಂದಿನ 'ದೆ'ಗೆ ಕೆಲವರು ಭೂಮಿ ಅಂತಾರೆ, ಕೆಲವರು ಧಾನ್ಯ ಅಂತಾರೆ.

ಹೆಸರು ನಮ್ಮ ಕಡೆ ಬಂದಿದ್ದು ರಾಜರ ಜೊತೆ. ಕ್ರಿ.ಪೂ. 200ರ ಸುಮಾರಿಗೆ ಈಗಿನ ಉತ್ತರ ಅಫ್ಘಾನಿಸ್ತಾನದ ಸೀಮೆಯಾದ ಬ್ಯಾಕ್ಟ್ರಿಯಾವನ್ನು ಆಳಿದವನು ಒಂದನೇ ದೆಮೆತ್ರಿಯೋಸ್. ನಾಣ್ಯಗಳಲ್ಲಿ ಅವನು ಆನೆಯ ತಲೆಯ ಚರ್ಮವನ್ನೇ ಕಿರೀಟದಂತೆ ತೊಟ್ಟಿದ್ದಾನೆ. ಕಂದಹಾರದ ಸೀಮೆಯಲ್ಲಿ ದೆಮೆತ್ರಿಯಾಸ್ ಅನ್ನೋ ಊರಿತ್ತು ಅಂತ ಗ್ರೀಕ್ ಲೇಖಕ ಇಸಿಡೋರ್ ಬರೆದಿದ್ದಾನೆ. ಇತ್ತ ಸಂಸ್ಕೃತ ವ್ಯಾಕರಣದ ವ್ಯಾಖ್ಯಾನಗಳಲ್ಲಿ, ಸಿಂಧ್ ಕಡೆಯ ಸೌವೀರ ದೇಶದಲ್ಲಿ ದತ್ತಾಮಿತ್ರ ಕಟ್ಟಿಸಿದ 'ದಾತ್ತಾಮಿತ್ರಿ' ಅನ್ನೋ ಊರು ಬರುತ್ತೆ. ಈ ದತ್ತಾಮಿತ್ರ ಬೇರೆ ಯಾರೂ ಅಲ್ಲ, ದೆಮೆತ್ರಿಯೋಸನೇ ಅಂತ ಹಲವು ವಿದ್ವಾಂಸರು ಹೇಳ್ತಾರೆ. ಏನಾಗಿದೆ ನೋಡಿ. ಕಿವಿಗೆ ಹೊಸದಾದ ಶಬ್ದವನ್ನ ಜನ ತಮಗೆ ಗೊತ್ತಿದ್ದ 'ದತ್ತ', 'ಮಿತ್ರ'ಗಳಿಗೆ ಹೊಂದಿಸಿಕೊಂಡರು. ಹೆಸರಿನಲ್ಲಿದ್ದ ತಾಯಿ ಹೋಗಿ ಗೆಳೆಯ ಬಂದ.

ಈಗ ನಾಸಿಕ್‌ಗೆ ಬನ್ನಿ. ಮುಂಬೈ ಹೆದ್ದಾರಿಯ ಪಕ್ಕದ ತ್ರಿರಶ್ಮಿ ಬೆಟ್ಟದಲ್ಲಿ 24 ಗುಹೆಗಳಿವೆ. ಜನ ಪಾಂಡವಲೇಣಿ ಅಂತಾರೆ, ಆದರೆ ಇವು ಬೌದ್ಧರವು. 17ನೇ ಗುಹೆಯಲ್ಲಿ ಬ್ರಾಹ್ಮಿ ಲಿಪಿಯ ಪ್ರಾಕೃತ ಶಾಸನವೊಂದಿದೆ. ಗುಹೆ ಕೊರೆಸಿದವನು ಇಂದ್ರಾಗ್ನಿದತ್ತ. ಅಪ್ಪ ಧರ್ಮದೇವ, ಮಗ ಧರ್ಮರಕ್ಷಿತ. ಮೂರೂ ಅಪ್ಪಟ ನಮ್ಮ ಹೆಸರುಗಳು! ಆದರೆ ಅವನು ತನ್ನ ಬಗ್ಗೆ ಇನ್ನೂ ಮೂರು ಮಾತು ಸೇರಿಸಿದ್ದಾನೆ: ತಾನು ಉತ್ತರದವನು, ದಾತ್ತಾಮಿತ್ರಿಯವನು, ಯೋನಕ. ಯೋನಕ ಅಂದರೆ ಯವನ, ಗ್ರೀಕ್ ಮೂಲದವನು.

ಇದನ್ನ ಬರೆಸಿದ್ದು ಎಲ್ಲಿ ಅನ್ನೋದೂ ಮುಖ್ಯ. ಇದೇ ಬೆಟ್ಟದ 3ನೇ ಗುಹೆಯಲ್ಲಿ ಗೌತಮಿ ಬಲಶ್ರೀ ತನ್ನ ಮಗ, ಶಾತವಾಹನ ದೊರೆ ಗೌತಮೀಪುತ್ರ ಶಾತಕರ್ಣಿಯನ್ನ ಶಕ, ಯವನ, ಪಹ್ಲವರನ್ನು ನಾಶ ಮಾಡಿದವನು ಅಂತ ಹೊಗಳಿದ್ದಾಳೆ. ಒಂದು ಗುಹೆಯಲ್ಲಿ ಯವನರು ಶತ್ರುಗಳು. ಕೆಲವೇ ಹೆಜ್ಜೆ ಆಚೆ ಒಬ್ಬ ಯವನ ಭಿಕ್ಷುಗಳಿಗೆ ಗುಹೆ, ನೀರಿನ ತೊಟ್ಟಿ ದಾನ ಕೊಟ್ಟು, ತನ್ನ ಮೂಲವನ್ನ ಕಲ್ಲಲ್ಲಿ ಕೆತ್ತಿಸಿದ್ದಾನೆ.

ಹೆಸರು ಬಾಯಿಂದ ಬಾಯಿಗೆ ಬದಲಾಗೋದು ಬರೀ ಪರದೇಶದವರ ಕಥೆಯೂ ಅಲ್ಲ. ಅಲ್ಲಿಂದ ಪೂರ್ವಕ್ಕೆ, ಛತ್ರಪತಿ ಸಂಭಾಜಿನಗರದ ಹತ್ತಿರ ಎಲ್ಲೋರಾ ಇದೆ. ಅಲ್ಲಿನ ಕೈಲಾಸ ದೇವಾಲಯವನ್ನ 8ನೇ ಶತಮಾನದಲ್ಲಿ ಕಟ್ಟಿಸಿದ್ದು ರಾಷ್ಟ್ರಕೂಟರ ಒಂದನೇ ಕೃಷ್ಣ. ಆ ಮನೆತನದ ಕೃಷ್ಣರು ನಮ್ಮವರ ಬಾಯಲ್ಲಿ ಕನ್ನರ ಆದರು. ಕೃಷ್ಣ ಕನ್ನರನಾದರೆ ನಮಗೆ ಏನೂ ಅನಿಸಲ್ಲ, ದೆಮೆತ್ರಿಯೋಸ್ ದತ್ತಾಮಿತ್ರನಾದರೆ ಆಶ್ಚರ್ಯ ಆಗುತ್ತೆ, ಅಷ್ಟೇ.

ಊರು ಬಿಟ್ಟ ನಮಗೆ ಇದು ಹಳೇ ಕಥೆ ಅಲ್ಲ. ನಮ್ಮ ಮನೆಯಲ್ಲಿ ಮಗಳಿಗೆ ಹೆಸರಿಡುವಾಗ ಅಮ್ಮ ಮುತ್ತಜ್ಜಿಯ ಹೆಸರು ಅಂದರು. ನಾವಿಬ್ಬರು ವಿದೇಶದವರ ಬಾಯಿಗೂ ಸುಲಭ ಆಗೋ ಎರಡಕ್ಷರದ ಹೆಸರು ಹುಡುಕ್ತಾ ಇದ್ದೆವು. ಹೀಗೆ ಹುಡುಕೋದು ತಪ್ಪು ಅಂತ ನಾನು ಹೇಳಲ್ಲ. ಇಂದ್ರಾಗ್ನಿದತ್ತನ ಮನೆಯವರೂ ಇಲ್ಲಿನ ಹೆಸರು ಇಟ್ಟುಕೊಂಡರು, ಇಲ್ಲಿನ ಭಾಷೆಯಲ್ಲೇ ಬರೆಸಿದರು. ಆದರೆ ಎಲ್ಲಿಂದ ಬಂದೆವು ಅನ್ನೋದನ್ನ ಮುಚ್ಚಿಡಲಿಲ್ಲ. ಬರೀ ಇಂದ್ರಾಗ್ನಿದತ್ತ ಅಂತ ಬರೆಸಿದ್ದರೆ ಅವನು ಯಾರು ಅಂತ ಇವತ್ತು ಯಾರಿಗೂ ಗೊತ್ತಾಗ್ತಿರಲಿಲ್ಲ. ಮಕ್ಕಳಿಗೆ ಯಾವ ಹೆಸರಾದರೂ ಇಡಿ, ಅದರ ಹಿಂದಿನ ಊರು ಯಾವುದು ಅಂತ ಮಾತ್ರ ಹೇಳಿಕೊಡಿ.

ಕೊನೆಗೆ ಒಂದು ಮಾತು. ದೆಮೆತೆರ್ ಅನ್ನೋ ತಾಯಿ ಊರಿನ ಹೆಸರಿನಲ್ಲೇ ಕಳೆದುಹೋಗಿದ್ದಳು ಅಂದೆನಲ್ಲ? 17ನೇ ಗುಹೆಯನ್ನ ಇಂದ್ರಾಗ್ನಿದತ್ತ ಕೊರೆಸಿದ್ದು ತನ್ನ ತಾಯಿ ತಂದೆಗಾಗಿ. ಶಾಸನದಲ್ಲೇ ಹಾಗೆ ಬರೆದಿದೆ. ನಾಸಿಕ್ ಕಡೆ ಹೋದಾಗ ನೋಡಿ ಬನ್ನಿ. ನಿಮ್ಮ ಹೆಸರಿನ ಕಥೆಯನ್ನೂ ಬರೆದು ಕಳಿಸಿ. ಮತ್ತೆ ಸಿಗೋಣ.